ಮೀನಿನ ಬುಟ್ಟಿಯ ಈಚೆ ಕೂತವರು

ಅಬ್ಬಿ,

ನೀನು ಹೋಗಿ ವರ್ಷವಾಗುತ್ತ ಬಂತು. ಓದಲು ಬಾರದ ತಾಯಿಗೆ ಮಗಳು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೆ ತಲೆ ಸಮ ಇಲ್ಲ ಎಂದು ನೀನು ಅಲ್ಲೇ ಕೂತು ಬೈಯುತ್ತಿರಬಹುದು. ಬೈ. ಬದುಕಿದ್ದಾಗ ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದದ್ದೂ ನಾನೇ ತಾನೇ, ಇದನ್ನೂ ಹಾಗೆಯೇ ಓದಿ ಹೇಳುತ್ತಿದ್ದೇನೆ ಎಂದುಕೋ. ಜಲಜ ಕೋರ್ಟಿನಲ್ಲಿ ಬಾಯಿ ಬಿಡುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲೇ ನೀನು ಕಣ್ಣು ಮುಚ್ಚಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ತೊಂಬತ್ತೇಳರ ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದ ದಿನಗಳು. ಮರವಂತೆಯಲ್ಲಿ ನಮ್ಮ ಮನೆಯ ಹಿಂದಿನ ಕಡಲ ದಂಡೆ. ಬಲೆ ಹರಿದದ್ದು ಯಾರಿಂದ ಎಂಬ ಮಾತಿಗೆ ಜಗಳ ಹತ್ತಿ, ನಮ್ಮ ರಘು ಅಣ್ಣನ ಜೊತೆಗೇ ಕಡಲಿಗೆ ಹೋಗುತ್ತಿದ್ದವನು ದೋಣಿಯ ಹುಟ್ಟು ಎತ್ತಿ ಅಣ್ಣನ ತಲೆಗೆ ಹೊಡೆದು ಕೊಂದ. ಅವನ ಹೆಸರನ್ನು ಈ ಕಾಗದದಲ್ಲೂ ನಾನು ಬರೆಯುವುದಿಲ್ಲ. ಮೀನಿಗೆ ಕಾದು ಬುಟ್ಟಿ ಹಿಡಿದು ನಿಂತಿದ್ದ ನೀನು ಕಣ್ಣಾರೆ ಕಂಡೆ. ಅಲ್ಲಿ ಇದ್ದವರೆಲ್ಲ ತಾವು ಆ ಕಡೆ ನೋಡುತ್ತಿದ್ದೆವು, ಈ ಕಡೆ ನೋಡುತ್ತಿದ್ದೆವು ಎಂದರು. ನಾಳೆ ಅದೇ ದೋಣಿಯಲ್ಲಿ ಹೋಗಬೇಕಲ್ಲ ಅವರಿಗೆ. ಅಣ್ಣನಿಗೆ ಉಳಿದ ಸಾಕ್ಷಿ ನೀನೊಬ್ಬಳೇ.

ಸೂತಕ ಕಳೆದ ಮರುದಿನ ನೀನು ದೈವದ ಮನೆಗೆ ಹೊರಟದ್ದು, ನಾನು ಹಿಂದೆ ಹಿಂದೆ ಬಂದದ್ದು, ಎಲ್ಲ ನೆನಪಿದೆ. ಬಾಗಿಲ ಮುಂದೆ ತೆಂಗಿನಕಾಯಿ ಇಟ್ಟು ಹೇಳಿದೆ, "ನನ್ ಮಗನ ದೂರ್ ನಿಂಗ್ ಕೊಟ್ಟಿದೆ. ಇನ್ನ್ ಮನುಷ್ಯರ ಎದ್ರ್ ನಾ ಬಾಯಿ ಬಿಡುದಿಲ್ಲೆ. ನೀನೇ ಕಾಣ್." ನಮ್ಮ ಕಡೆ ದಿಕ್ಕಿಲ್ಲದವರು ಮಾಡುವುದು ಇದನ್ನೇ ಅಲ್ಲವೇ? ದೂರನ್ನು ದೈವಕ್ಕೆ ಕೊಟ್ಟ ಮೇಲೆ ಮತ್ತೆ ಮನುಷ್ಯರ ಬಾಗಿಲಿಗೆ ಹೋದರೆ ದೈವವನ್ನು ನಂಬಲಿಲ್ಲ ಎಂದಾಗುತ್ತದೆ, ಅದರ ಸಿಟ್ಟು ಮನೆಯ ಮಕ್ಕಳ ಮೇಲೆ ಬರುತ್ತದೆ ಎಂಬ ಹೆದರಿಕೆ. ಪೊಲೀಸರಿಗೆ ನೀನು ಹೇಳಿಕೆ ಕೊಟ್ಟದ್ದು ಅದಕ್ಕಿಂತ ಮೊದಲೇ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದೆ ಕೋರ್ಟಿನಲ್ಲಿ ನಿಂತು ಅದನ್ನೇ ಇನ್ನೊಮ್ಮೆ ಹೇಳಬೇಕು ಎಂದು ನಿನಗೆ ತಿಳಿಸಿದವರು ಯಾರಾದರೂ ಇದ್ದರಾ?

ನಿನ್ನ ಸಾಕ್ಷಿಯ ದಿನ ಕೋರ್ಟಿನ ವರಾಂಡದಲ್ಲಿ ನಾವು ಕೂತದ್ದು ಅವನ ಮನೆಯವರ ಪಕ್ಕದಲ್ಲಿ. ಇರುವುದೇ ಒಂದು ಬೆಂಚು. ಅವನ ಅಕ್ಕ ನಿನ್ನ ಮೊಣಕೈಗೆ ತಾಗಿಕೊಂಡೇ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ನಿನ್ನ ಹೆಸರು ಕೂಗಿದರು, ಒಳಗೆ ಹೋದೆ. ಸರಕಾರಿ ವಕೀಲರು ಕೇಳಿದರು, ಜಡ್ಜ್ ಕೇಳಿದರು. ನೀನು ಹೇಳಿದ್ದು ಒಂದೇ ಮಾತು, "ನಾ ದೈವಕ್ಕೆ ಬಿಟ್ಟಿದೆ." ಕೊನೆಗೆ ನಿನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು. ಹೊರಗೆ ಬಂದ ಮೇಲೆ ವಕೀಲರ ಗುಮಾಸ್ತ ಅದರ ಅರ್ಥ ಬಿಡಿಸಿ ಹೇಳಿದ, ನೀನು ನಿನ್ನ ಮಗನ ಪರ ನಿಲ್ಲಲಿಲ್ಲ ಎಂದು. ಆಗ ನಿನ್ನ ಮುಖ ಹೇಗಾಗಿತ್ತು ಎಂದರೆ... ಬೇಡ. ಕೆಲವು ತಿಂಗಳಿಗೆ ಅವನು ಬಿಡುಗಡೆಯಾಗಿ ಬಂದ. ಅದೇ ದಂಡೆಯಲ್ಲಿ ಅದೇ ದೋಣಿ ಹತ್ತಿದ.

ಅದರ ಮುಂದಿನ ಸಂಕ್ರಮಣಕ್ಕೆ ದೈವದ ಮನೆಯಲ್ಲಿ ದರ್ಶನ ಇತ್ತು. ಪಾತ್ರಿಯ ಮೈಮೇಲೆ ದೈವ ಬಂದು ನಡುಗುತ್ತಿದ್ದಾಗ ಉಳಿದವರೆಲ್ಲ ಕೈಮುಗಿದು ಕಷ್ಟ ಹೇಳಿಕೊಳ್ಳುತ್ತಿದ್ದರು. ನೀನು ಜನ ಸರಿಸಿಕೊಂಡು ಮುಂದೆ ಹೋದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ನಿಂಗೆ ಬಿಟ್ಟೆ. ನೀ ಎಂತ ಮಾಡ್ದೆ?" ಎಂದು ಬಂಗುಡೆಯ ರೇಟಿಗೆ ಜಗಳವಾಡುವ ದನಿಯಲ್ಲೇ ಕೇಳಿಬಿಟ್ಟೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪಾತ್ರಿ ನಿನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು, "ದೂರು ಕೊಟ್ಟೆ, ತೆಗೆದುಕೊಂಡೆ. ಬಾಯಿಯನ್ನೂ ಕೊಡು ಎಂದು ನಾನು ಕೇಳಿದೆನಾ?"

ಮರುದಿನ ಬೆಳಿಗ್ಗೆ ನೀನು ಎಂದಿನಂತೆ ಬುಟ್ಟಿ ಹೊತ್ತು ಬಸ್ಸು ಹತ್ತಿದೆ. ಮೀನು ಮಾರಲು ಹೋದೆ ಎಂದೇ ನಾನು ತಿಳಿದೆ. ಸಾವಾದ ಮನೆಯವರು ಕೆಲವು ದಿನ ಮೀನು ತೆಗೆದುಕೊಳ್ಳುವುದಿಲ್ಲ. ಉಳಿದ ಮೀನಿನ ಹೆಂಗಸರು ಅಂಥ ಮನೆ ದಾಟಿಕೊಂಡು ಹೋಗುತ್ತಾರೆ. ನೀನು ಅಲ್ಲಿಗೇ ಹೋಗತೊಡಗಿದೆ. ಕಾಯಿಲೆಯಲ್ಲಿ ಸತ್ತವರ ಮನೆಗಲ್ಲ. ಹೊಡೆದು ಸತ್ತದ್ದು, ಸುಟ್ಟು ಸತ್ತದ್ದು, ಹೆಣ್ಣುಮಕ್ಕಳ ಮೇಲೆ ಯಾರೋ ಕೈಮಾಡಿದ್ದು, ಅಂಥ ಮನೆಗಳಿಗೆ. ಮುಂಬಾಗಿಲಲ್ಲಿ ಊರ ಗಂಡಸರು ಕೂತು ಮಾತಾಡುತ್ತಿದ್ದರೆ ನೀನು ಹಿತ್ತಿಲ ಕಡೆಯಿಂದ ಅಡಿಗೆಮನೆ ಬಾಗಿಲಿಗೆ ಬಂದು "ಹ್ವಾಯ್" ಎನ್ನುತ್ತಿದ್ದೆ. ಮೀನಿನವಳನ್ನು ತಡೆಯುವವರು ಯಾರು? ಪೊಲೀಸರು ನೋಡಿ ಹೋಗುವವರೆಗೆ ಅಂಗಳ ತೊಳೆಯಬೇಡಿ, ಸಗಣಿ ಹಾಕಿ ಸಾರಿಸಬೇಡಿ ಎಂದು ನೀನು ಎಷ್ಟು ಮನೆಗಳಲ್ಲಿ ಹೇಳಿಲ್ಲ. ನಮ್ಮ ಜನಕ್ಕೆ ಮೊದಲು ಹೊಳೆಯುವುದೇ ಅದು, ಶುದ್ಧ ಮಾಡುವುದು.

ಬ್ರಹ್ಮಾವರದ ಕಡೆಯ ಒಂದು ಹುಡುಗಿಯನ್ನು ಹಿಯರಿಂಗ್‌ಗೆ ಮೊದಲೇ ಖಾಲಿ ಕೋರ್ಟು ತೋರಿಸಲು ಕರೆದುಕೊಂಡು ಹೋದೆಯಲ್ಲ, ಆ ದಿನ ನಾನೂ ಇದ್ದೆ. ಹೊಲಿಗೆ ಅಂಗಡಿಗೆ ನೂಲು ತರಲು ಕುಂದಾಪುರಕ್ಕೆ ಬಂದ ನನ್ನನ್ನು ನೀನೇ ಎಳೆದುಕೊಂಡು ಹೋಗಿದ್ದೆ. ಜವಾನನಿಗೆ ನಗು. ನೀನು ಮಾತ್ರ ಮದುವೆಮನೆ ತೋರಿಸುವ ಹಾಗೆ ತೋರಿಸಿದೆ. "ಜಡ್ಜ್ ಇಲ್ಲ್ ಕೂಕಂತ್ರ್. ನೀ ಇಲ್ಲ್ ನಿಲ್ಲುದ್. ಅಂವ ಅಲ್ಲ್ ನಿಂತಿರ್ತಾ, ಆ ಬದಿ ಕಾಂಬುದೇ ಬ್ಯಾಡ. ಗಂಟ್ಲ್ ಒಣ್ಗ್ದ್ರೆ ನೀರ್ ಕೇಳ್, ಕೊಡ್ತ್ರ್." ಏನು ಹೇಳಬೇಕು ಎಂದು ಅವಳು ಕೇಳಿದಾಗ ನೀನು ಗದರಿಸಿಬಿಟ್ಟೆ. "ಅದನ್ನ್ ನನ್ನತ್ರ ಕೇಳುದಾ? ಕಂಡದ್ದ್ ಹೇಳ್. ಕಾಣದ್ದ್ ಹೇಳ್ಬ್ಯಾಡ. ಮರ್ತದ್ದನ್ನ್ ಮರ್ತಿದೆ ಅನ್. ಅಷ್ಟೇ." ಆ ಹುಡುಗಿ ಒಮ್ಮೆ ಕಟಕಟೆಯಲ್ಲಿ ನಿಂತು ನೋಡಿ ಇಳಿದಳು. ವಾಪಸು ಬರುವಾಗ ನಮಗಿಂತ ಮುಂದೆ ಅವಳೇ ನಡೆದಳು.

ಆ ಬುಟ್ಟಿಯ ಕತೆ ಬರೆಯದಿದ್ದರೆ ಹೇಗೆ? ಮೀನು ಖಾಲಿಯಾದ ಬುಟ್ಟಿಯನ್ನು ಬೇಕೆಂದೇ ತೊಳೆಯದೆ ಕೋರ್ಟಿಗೆ ತರುತ್ತಿದ್ದೆ. ವರಾಂಡದ ಬೆಂಚಿನ ನಡುವೆ ಅದನ್ನು ಇಟ್ಟರೆ ಆಯಿತು. ಈಚೆ ಸತ್ತವರ ಮನೆಯವರೂ ನೀನೂ, ಆಚೆ ಆರೋಪಿಯ ಕಡೆಯವರು. ಒಬ್ಬರೂ ಹತ್ತಿರ ಸುಳಿಯುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ಮೆಟ್ಟಿಲಿಗೆ ಹೋಗಿ ನಿಲ್ಲುತ್ತಿದ್ದರು. ಆ ಕಡೆಯ ವಕೀಲರೊಬ್ಬರಿಗೆ ಸಿಟ್ಟು ಬಂದು, "ನೀವೇನು ಇವರ ಲಾಯರೋ?" ಎಂದು ಕೇಳಿದರು. ನೀನು ಕೂತಲ್ಲಿಂದ ಏಳಲೂ ಇಲ್ಲ. "ನೀವ್ ಮಾತ್ ಮಾರ್ತ್ರಿ, ನಾ ಮೀನ್ ಮಾರ್ತೆ. ಹಳ್ತ್ ಆದ್ರೆ ಎರ್ಡೂ ನಾತವೇ." ಆ ವಕೀಲರು ನಕ್ಕುಬಿಟ್ಟರು, ಪಾಪ. ಮುಂದೆ ಎಷ್ಟೋ ವರ್ಷ ನಿನ್ನ ಹತ್ತಿರವೇ ಬಂಗುಡೆ ತೆಗೆದುಕೊಂಡರಲ್ಲ.

ಕುಂದಾಪುರದಲ್ಲಿ ಹೆಂಗಸರ ನೆರವಿನ ಕೇಂದ್ರ ಶುರುವಾದಾಗ ಅಲ್ಲಿನ ಮೇಡಂ ನಿನ್ನನ್ನು ಹುಡುಕಿಕೊಂಡು ಮನೆಗೇ ಬಂದರು. ಓದಿದ ಹುಡುಗಿ, ನಿನ್ನ ಮೊಮ್ಮಗಳ ಪ್ರಾಯ. ಪರಿಹಾರಕ್ಕೆ ಅರ್ಜಿ ಎಲ್ಲಿ ಹಾಕುವುದು, ಬೆದರಿಕೆ ಬಂದರೆ ಯಾರಿಗೆ ಹೇಳುವುದು, ಇದೆಲ್ಲ ಅವರಿಂದ ನೀನು ಕಲಿತೆ. ಮನೆಯೊಳಗೆ ಹೋಗಿ ಕೂರುವುದನ್ನು ನಿನ್ನಿಂದ ಅವರು ಕಲಿತರು. ನಿನ್ನ ಫೋಟೋ ಹಾಕಿ ಒಂದು ಗುರುತಿನ ಚೀಟಿ ಕೊಟ್ಟರೆ, ಮೀನಿನ ನಾತ ಹಿಡಿಯುತ್ತದೆ ಎಂದು ಅದನ್ನು ದೇವರ ಗೂಡಿನಲ್ಲಿ ಇಟ್ಟೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ? ಅಂಗಡಿಗೆ ಬಂದವರಿಗೆಲ್ಲ ಬ್ಲೌಸಿನ ಅಳತೆ ತೆಗೆಯುತ್ತಲೇ ಹೇಳಿದ್ದೇನೆ, ನಮ್ಮ ಅಬ್ಬಿಗೆ ಕಾರ್ಡು ಬಂತು ಎಂದು. ನಿನ್ನ ಎದುರು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನೀನು ನೆಲದ ಮೇಲೆ ನಿಲ್ಲುತ್ತಿದ್ದೆಯಾ?

ಜಲಜಳನ್ನು ನೀನು ಮೊದಲು ಕಂಡದ್ದು ಬೈಂದೂರಿನಿಂದ ಒಳಗೆ, ಕೊಲ್ಲೂರು ದಾರಿಯ ಆ ಮನೆಯಲ್ಲಿ. ಅವಳ ಗಂಡ ಮಂಜುನಾಥ ಕೊಲ್ಲೂರಿನಲ್ಲಿ ಯಾತ್ರಿಕರ ಜೀಪು ಓಡಿಸುತ್ತಿದ್ದವನು. ಬಂದ ಜನರನ್ನು ಯಾರ ಜೀಪಿಗೆ ಹತ್ತಿಸುವುದು ಎಂಬ ಜಗಳ ಸಂಜೆ ಮನೆಯ ಅಂಗಳದವರೆಗೂ ಬಂತು. ಇನ್ನೊಬ್ಬ ಜೀಪಿನವನು ಜಾಕಿಯ ರಾಡಿನಿಂದ ಹೊಡೆದು ಅವನನ್ನು ಕೊಂದ. ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ಜಲಜ ಒಬ್ಬಳೇ ಕಂಡವಳು. ನೀನು ಹೋಗುವಷ್ಟರಲ್ಲಿ ಅವಳ ಅತ್ತೆ ಸೇಸಮ್ಮ ಸೊಸೆಯನ್ನು ದೈವದ ಮುಂದೆ ನಿಲ್ಲಿಸಿ, ಕೈಯಲ್ಲಿ ಕಾಯಿ ಕೊಟ್ಟು, ಇನ್ನು ಮನುಷ್ಯರ ಮುಂದೆ ಬಾಯಿ ಬಿಡುವುದಿಲ್ಲ ಎಂದು ಹೇಳಿಸಿ ಆಗಿತ್ತು. ಆ ಸಂಜೆ ಮನೆಗೆ ಬಂದ ನೀನು ಅನ್ನದ ಬಟ್ಟಲು ದೂಡಿದೆ. "ಅದೇ ಮಾತ್, ಸುಜಾತ. ನಾ ಹೇಳಿದ್ ಮಾತೇ" ಎಂದೆ.

ಎಷ್ಟು ಸಲ ಹೋದೆ ನೀನು ಅಲ್ಲಿಗೆ. ಸೇಸಮ್ಮ ಹಿತ್ತಿಲಲ್ಲೇ ಅಡ್ಡ ನಿಲ್ಲುತ್ತಿದ್ದಳು. "ನಮ್ಮನೆಗ್ ಮೀನ್ ಬ್ಯಾಡ. ನಿನ್ ಬುದ್ಧಿವಾದವೂ ಬ್ಯಾಡ." ಮುಂದಿನ ವಾರ ನೀನು ಮತ್ತೆ ಹಾಜರು. ಹೋಗುತ್ತ ಹೋಗುತ್ತ ಅವಳು ಸ್ವಲ್ಪ ಮೆತ್ತಗಾದಳು. ದೈವ ಬಾಯಿಯನ್ನು ಕೇಳಲಿಲ್ಲ ಎಂದು ಪಾತ್ರಿಯ ಬಾಯಿಂದಲೇ ಕೇಳಿಸಿದರೆ ಸೊಸೆಯನ್ನು ಕಳಿಸುತ್ತೇನೆ ಎಂದಳು. ಬರುವ ಸಂಕ್ರಮಣದ ದರ್ಶನಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಅಷ್ಟರಲ್ಲಿ ನಿನಗೆ ಆ ಜ್ವರ. ಸಂಕ್ರಮಣ ಬಂದದ್ದು ನಿನ್ನ ಸೂತಕದಲ್ಲಿ. ಸೂತಕದಲ್ಲಿ ನಾನು ದೈವದ ಮನೆ ಮೆಟ್ಟಿಲು ಹತ್ತುವುದು ಹೇಗೆ? ಅವರಿಬ್ಬರೇ ಹೋಗಲಿಲ್ಲ. ಮುಂದಿನ ಸಂಕ್ರಮಣಕ್ಕಿಂತ ಮೊದಲೇ ಜಲಜಳ ಸಾಕ್ಷಿಯ ದಿನ ಇತ್ತು. ನಿನ್ನ ಉತ್ತರಕ್ರಿಯೆಯ ಬೊಜ್ಜಕ್ಕೆ ಸೇಸಮ್ಮ ಬಂದು ಮೂಲೆಯಲ್ಲಿ ಕೂತು ಉಂಡು ಎದ್ದು ಹೋದಳು. ಇವಳಿಗೆ ಇಲ್ಲೇನು ಕೆಲಸ ಎಂದು ನನಗೆ ಸಿಟ್ಟೇ ಬಂದಿತ್ತು.

ಸಾಕ್ಷಿಯ ಹಿಂದಿನ ದಿನ ಅಂಗಡಿಗೆ ಬಾಗಿಲು ಹಾಕಿ ಹೋದೆ. ನಿನ್ನ ಹಾಗೆ ಹಿತ್ತಿಲಿಂದ ಹೋಗಲು ನನ್ನ ತಲೆ ಮೇಲೆ ಬುಟ್ಟಿ ಇಲ್ಲ, ಮುಂಬಾಗಿಲಿಂದಲೇ ಹೋದೆ. ಜಗಲಿಯಲ್ಲಿ ಆರೋಪಿಯ ಅಣ್ಣ ಕೂತಿದ್ದ. "ದೈವಕ್ ಕೊಟ್ಟ್ ಮಾತ್ ಮೀರ್ದ್ರೆ ಹೆಚ್ಚುಕಮ್ಮಿ ಆಪುದ್ ಮಗುವಿಗೆ. ನಂಗೆಂತ, ನಿಮ್ ಒಳ್ಳೇದಕ್ಕ್ ಹೇಳ್ತೆ" ಎನ್ನುತ್ತಿದ್ದ. ಜಲಜ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ನನ್ನ ನಾಲಿಗೆ ನಿನಗೆ ಗೊತ್ತಲ್ಲ. ದೈವದ ಹೆಸರಿನಲ್ಲಿ ಹೆದರಿಸಲು ನಿನ್ನನ್ನು ಯಾರು ನೇಮಿಸಿದ್ದು, ಸಾಕ್ಷಿಯ ಮನೆಗೆ ಬಂದು ಕೂತದ್ದನ್ನು ಸರಕಾರಿ ವಕೀಲರಿಗೆ ಈಗಲೇ ಫೋನ್ ಮಾಡಿ ಹೇಳಲಾ ಎಂದು ಮೊಬೈಲು ತೆಗೆದೆ. ಅವನು ಎದ್ದು ಹೋದ. ಆದರೆ ಜಲಜ ಗೋಡೆ ಬಿಟ್ಟು ಬರಲಿಲ್ಲ. "ನಂಗೆ ಆತಿಲ್ಲೆ ಅಕ್ಕ. ಮಗುವಿಗ್ ಎಂತಾರೂ ಆದ್ರೆ?" ಎಂದಳು. ನೀನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ, ಏನೂ ಹೊಳೆಯಲಿಲ್ಲ.

ಆಗ ಒಳಗಿನಿಂದ ಸೇಸಮ್ಮ ಬಂದಳು. ನನ್ನ ಎದುರು ಕೂತಳು. "ನಿನ್ ಅಬ್ಬಿ ಕಡೇ ಸಲ ಬಂದಾಗ ಎಂತ ಹೇಳಿದ್ಲ್ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನೀನು ನನಗೆ ಹೇಳಿದರೆ ತಾನೇ? ಆ ದಿನ ನೀನು ಅವಳ ಹಿತ್ತಿಲ ಕಲ್ಲಿನ ಮೇಲೆ ಕೂತು ರಘು ಅಣ್ಣನ ವಿಷಯ ಹೇಳಿದೆಯಂತೆ. ಜಡ್ಜ್ ನೀರು ಕೊಡಿಸಿದರು, ಹೆದರಬೇಡಿ ಅಮ್ಮ ಎಂದರು, ಮಾತು ಬಾಯಿಯವರೆಗೂ ಬಂದಿತ್ತು, ನುಂಗಿಬಿಟ್ಟೆ ಎಂದೆಯಂತೆ. "ನುಂಗಿದ್ದ್ ಕೆಳ್ಗ್ ಇಳಿಲಿಲ್ಲೆ, ಸೇಸಮ್ಮ. ಮೀನಿನ ಮುಳ್ಳಿನ ಹಾಂಗ್ ಇಲ್ಲೇ ಇತ್ತ್. ನಿಮ್ ಸೊಸೆ ಸಣ್ಣ್ ಪ್ರಾಯದವ್ಳ್. ಇಷ್ಟ್ ವರ್ಷ ಈ ಮುಳ್ಳ್ ಇಟ್ಕಂಡ್ ಬದ್ಕುಕೆ ಅವ್ಳಿಗ್ ಕೊಡ್ಬ್ಯಾಡಿ." ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿ ಮುಗಿಸಿ ಸೇಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೂ ಅಳು ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿ ನಿನ್ನ ಎದುರೇ ಕೂತು ಉಂಡವಳಿಗೆ ಇದು ಗೊತ್ತಿರಲಿಲ್ಲವಲ್ಲ...

ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಸೇಸಮ್ಮ ನಮ್ಮನ್ನು ಅವರ ಊರಿನ ದೈವದ ಮನೆಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿತ್ತು. ಪಾತ್ರಿ ಇಲ್ಲ, ಮಣಿ ಹೊಡೆಯುವವರಿಲ್ಲ. ಹಾಕಿದ ಬಾಗಿಲಿನ ಎದುರೇ ನಿಂತು ಅವಳು ಜೋರಾಗಿ ಹೇಳಿದಳು, "ಆ ದಿನ ಇವ್ಳ್ ಹೇಳಿದ್ ಮಾತ್ ಇವ್ಳದ್ದಲ್ಲ. ಕಾಯಿ ಕೊಟ್ಟ್ ಹೇಳ್ಸಿದ್ದ್ ನಾನ್. ಇವತ್ತ್ ಇವ್ಳ್ ಬಾಯಿ ಬಿಡ್ತ್ಲ್. ತಪ್ಪಾದ್ರೆ ನಂಗ್ ಕೊಡ್. ಮಗುವಿನ್ ತಂಟೆಗ್ ಹೋಪುಕಾಗ." ಆಮೇಲೆ ಮಗುವನ್ನು ಜಲಜಳ ಕೈಯಿಂದ ತೆಗೆದು ತನ್ನ ಸೊಂಟಕ್ಕೆ ಏರಿಸಿಕೊಂಡು, "ಹೋಪ, ಬಸ್ಸ್ ತಪ್ಪುತ್ತ್" ಎಂದಳು. ದೈವದ ಜೊತೆ ಹಾಗೆ ಮಾತಾಡಿದವಳು ನೀನೊಬ್ಬಳೇ ಎಂದುಕೊಂಡಿದ್ದೆ ನಾನು.

ಕೋರ್ಟಿನಲ್ಲಿ ಜಲಜಳ ಹೆಸರು ಕೂಗಿದಾಗ ಅವಳು ನನ್ನ ಕೈ ಬಿಟ್ಟು ಎದ್ದಳು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಅವಳು ಮೊದಲು ನೀರು ಕೇಳಿದಳು, ಕೊಟ್ಟರು. ಆಮೇಲೆ ಶುರುಮಾಡಿದವಳು ನಿಲ್ಲಿಸಲಿಲ್ಲ. ಜೀಪು ಬಂದು ನಿಂತದ್ದು, ಗಂಡ ಕೈ ಅಡ್ಡ ಹಿಡಿದದ್ದು, ರಾಡು ಯಾವ ಕೈಯಲ್ಲಿತ್ತು, ಎಲ್ಲ. ಬೆಳಕು ಎಷ್ಟಿತ್ತು ಎಂದಾಗ ಮರೆತಿದ್ದೇನೆ ಎಂದಳು. ಆ ಕಡೆಯ ವಕೀಲರು ಎದ್ದು, "ಇದನ್ನೆಲ್ಲ ನಿಮಗೆ ಆ ಮೀನಿನ ಹೆಂಗಸು ಹೇಳಿಕೊಟ್ಟದ್ದಲ್ಲವೇ?" ಎಂದು ಕೇಳಿದರು. ಜಲಜ ಅವರನ್ನೇ ನೋಡಿ ಹೇಳಿದಳು, "ಅವ್ರ್ ಹೇಳ್ಕೊಟ್ಟದ್ದ್ ಒಂದೇ, ಸ್ವಾಮಿ. ಕಾಣದ್ದ್ ಹೇಳ್ಬ್ಯಾಡ ಅಂದಿರ್." ವಕೀಲರು ಮುಂದಿನ ಪ್ರಶ್ನೆಗೆ ಹೋದರು. ನನ್ನ ಎದೆ ಉಬ್ಬಿ ಬಂತು, ಅಬ್ಬಿ. ಎದ್ದು ನಿಂತು, ಆ ಮೀನಿನ ಹೆಂಗಸು ನನ್ನ ಅಬ್ಬಿ ಎಂದು ಕೂಗಬೇಕು ಅನಿಸಿತ್ತು. ಕೂಗಿದರೆ ಹೊರಗೆ ಹಾಕುತ್ತಾರೆ ಎಂದು ಸುಮ್ಮನೆ ಕೂತೆ.

ಈಗ ಕೇಂದ್ರದ ಮೇಡಂ ಕರೆದಾಗಲೆಲ್ಲ ನಾನು ಹೋಗುತ್ತಿದ್ದೇನೆ. ಜಲಜಳೂ ಬರುತ್ತಾಳೆ. ನನ್ನದು ಒರಟು ಬಾಯಿ, ಮೊದಲು ತಾನು ಮಾತಾಡುತ್ತೇನೆ ಎಂದು ಅವಳ ಷರತ್ತು. ಬರುವ ವಾರ ಬ್ರಹ್ಮಾವರದ ಹತ್ತಿರ ಒಂದು ಮನೆ ಇದೆ, ತಾಯಿಯೊಬ್ಬಳು ಮಾತೇ ಆಡುತ್ತಿಲ್ಲವಂತೆ. ನಾವಿಬ್ಬರೂ ಹೋಗುತ್ತೇವೆ. ಅವಳು ಆಡುವವರೆಗೂ ಹೋಗುತ್ತೇವೆ.

ನಿನ್ನೆ ಜಲಜಳ ಕೇಸಿನ ತೀರ್ಪು ಬಂತು. ಕೇಳಿ ಮೂವರೂ ಒಂದೇ ಬಸ್ಸಿನಲ್ಲಿ ವಾಪಸು ಹೊರಟೆವು. ಮಗು ಕಿಟಕಿಯಲ್ಲಿ ಕಡಲು ಕಂಡು ಏನೋ ಹೇಳುತ್ತಿತ್ತು. ಮರವಂತೆಯಲ್ಲಿ ನಾನು ಇಳಿಯಲು ಎದ್ದಾಗ ಸೇಸಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು. ಕಂಡಕ್ಟರ್ ಬೇಗ ಬೇಗ ಎನ್ನುತ್ತಿದ್ದ. "ಮನೆಗ್ ಹೋಯಿ ಮೊದ್ಲ್ ನಿನ್ ಅಬ್ಬಿಗ್ ಹೇಳ್" ಎಂದಳು. ನಿನ್ನ ಬೊಜ್ಜದ ಊಟ ಉಂಡವಳು ಅವಳು; ಆದರೂ ಹಾಗೇ ಹೇಳಿದಳು. ನಾನೂ ಹೂಂ ಎಂದೆ.

ಹೇಳುತ್ತಿದ್ದೇನೆ, ಅಬ್ಬಿ. ಜಲಜ ಬಾಯಿ ಬಿಟ್ಟಳು. ಅವಳು ಹೇಳಿದ್ದನ್ನು ಕೋರ್ಟು ನಂಬಿತು. ಅವನಿಗೆ ಶಿಕ್ಷೆಯಾಯಿತು.

ನಿನ್ನ ಮಗಳು,
ಸುಜಾತ